ಬಲಕ್ಕೊಂದು ಕೂಡು, ಎಡಕ್ಕೊಂದು ಕಳೆ

ಫಕೀರವ್ವ ಬಾಗಿಲ ಬಲಗಡೆಯ ಗಾಜಿನ ಕೂಡುಗುಂಡನ್ನು ಒರೆಸಿ ಮುಗಿಸಿ ಎಡಗಡೆಯ ಕಳೆಗುಂಡಿನ ತಳಕ್ಕೆ ಬಂದಿದ್ದಳು. ತಳದ ಧೂಳು ಯಾವತ್ತೂ ಹಟಮಾರಿ. ಬಿದಿರುಕೋಲಿನ ತುದಿಗೆ ಸುತ್ತಿದ ಒಣ ಅರಿವೆಯನ್ನು ಎರಡು ಸಲ ಆಡಿಸಿದರೆ ಮೇಲಿನದೆಲ್ಲ ಕೆಳಗಿಟ್ಟ ಡಬ್ಬಿಗೆ ಉದುರುತ್ತಿತ್ತು. ತಳದ್ದು ಮಾತ್ರ ಕೆಂಪು ಹಿಟ್ಟಿನ ಹಾಗೆ ಮೆತ್ತಿಕೊಂಡು ಕೂತಿರುತ್ತಿತ್ತು. ಅವಳು ಮೂಗಿಗೆ ಸೆರಗು ಬಿಗಿದು, ಉಸಿರು ಹಿಡಿದು, ಕೋಲನ್ನು ಓರೆ ಮಾಡಿ ತಿಕ್ಕುತ್ತಿದ್ದಳು.

"ಅದರ ಮಾರಿ ದಿನಾ ತೊಳೀತಿ. ನಿನ್ನ ಗಂಡಗ ವಾರಕ್ಕೊಮ್ಮೆರ ಬಿಸಿನೀರು ಕಾಸಿ ಕೊಡತಿ ಇಲ್ಲೋ?" ಎಂದು ಓಣಿಯ ನಡುವಿನಿಂದ ಹಾಲವ್ವ ಕೂಗಿದಳು.

"ಅಂವಗ ಧೂಳ ಹತ್ತಂಗಿಲ್ಲ ಬಿಡತ್ತಿ. ಹೊಲಿಗಿ ಮಷಿನ್ ಬಿಟ್ಟು ಹೊರಗ ಬಂದರಲ್ಲ ಹತ್ತೂದು!"

ಹಾಲವ್ವ ಎದುರು ಮನೆಯವಳು, ಅರವತ್ತು ದಾಟಿದವಳು. ಸಂಗನಾಳಪೇಟೆಯ ಆ ಓಣಿಗೆ ಮದುವೆಯಾಗಿ ಬಂದ ವಾರದಿಂದ ಒಣಮೆಣಸಿನಕಾಯಿಯ ತುಂಬು ಬಿಡಿಸುತ್ತ ಬಂದವಳು. ಕಾಯಿಯ ತಲೆಯ ಮೇಲಿನ ತೊಟ್ಟಿಗೆ ಆ ಸೀಮೆಯಲ್ಲಿ ತುಂಬು ಎನ್ನುತ್ತಾರೆ. ಕಾಯಿ ಹಿಡಿದು, ಹೆಬ್ಬೆರಳಿನಿಂದ ತುಂಬು ಚಿವುಟಿ, ಕಾಯನ್ನು ಒಂದು ಕಡೆ, ತುಂಬನ್ನು ಒಂದು ಕಡೆ ಎಸೆಯುವುದು. ದಿನಕ್ಕೆ ಎಷ್ಟು ಸಾವಿರ ಸಲ ಎಂದು ಯಾರೂ ಎಣಿಸಿದವರಲ್ಲ. ಎದ್ದ ಘಾಟು ಮಾತ್ರ ಎಲ್ಲರ ಎದೆಯೊಳಗೆ ಲೆಕ್ಕ ಇಟ್ಟುಕೊಂಡಿತ್ತು. ಓಣಿಯ ನಡುವೆ, ಫಕೀರವ್ವನ ಬಾಗಿಲಿಗೂ ಹಾಲವ್ವನ ಬಾಗಿಲಿಗೂ ಸರಿಯಾಗಿ ಮಧ್ಯದಲ್ಲಿ, ಒಂದು ಬೇವಿನಮರ. ಅದರ ನೆರಳೇ ಆರೇಳು ಹೆಂಗಸರ ಕಾರ್ಖಾನೆ.

ಹಾಲವ್ವ ತನ್ನ ಬಾಗಿಲ ಪಕ್ಕ ಕೋಲಿಗೆ ನೇತುಹಾಕಿದ್ದ ಹಸಿ ಶಾವಿಗೆಯನ್ನು ನೋಡಿ ಬೈದುಕೊಂಡಳು. ಎಳೆಗಳೆಲ್ಲ ಗುಂಡಿನ ಕಡೆಗೆ ಬಾಗಿ ಒಂದಕ್ಕೊಂದು ಹೆಣೆದುಕೊಂಡಿದ್ದವು. ಕೋಲನ್ನು ಎತ್ತಿ ತಂದು ಬೇವಿನಮರದ ಕೊಂಬೆಗೆ ಸಿಕ್ಕಿಸಿದಳು. ಅಲ್ಲಿ ಎಳೆಗಳು ನೆಟ್ಟಗೆ ಇಳಿಬಿದ್ದವು.

"ನಡುವನ ಚೊಲೋ ನೋಡವಾ. ಇಲ್ಲಿ ನಿನ್ನ ಗುಂಡಿನ ಕಾಟ ಇಲ್ಲ. ಕಾಯಿ ಚೀಲ ಬರೂದರಾಗ ಒಣಗಿರತೈತಿ."

ಫಕೀರವ್ವ ನಕ್ಕಳು. ಆ ಮಾತು ಅವಳ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಹಾಲವ್ವ ಗೋಣಿತಟ್ಟು ಹಾಸಿ ಕೂತು ಎರಡು ಸಲ ಕೆಮ್ಮಿದಳು.

"ಮೂಗಿಗೆ ಅರಿವಿ ಕಟ್ಟಿಕೋ ಅತ್ತಿ."

"ಯಾಕ? ನೀನ ಹೇಳಿದಿ ಅಲ್ಲ, ನಡುವ ಕುಂದರು, ಎರಡು ಮನಿ ಗುಂಡು ಕೂಡಿ ಕಾಯತಾವ ಅಂತ. ಒಂದ ಮನಿ ಗುಂಡಿನ ಕಾವಲು ಇದ್ದೋರಿಗೆ ಅರಿವಿ ಬೇಕಾದೀತು!" ಎಂದು ಹಾಲವ್ವ ಪಕ್ಕದವಳ ಕಡೆ ಕಣ್ಣು ಹೊಡೆದಳು.

ಗುಂಡು ಬಂದು ಆಗ ಒಂದೂವರೆ ವರ್ಷ. ವಿದ್ಯುತ್ತಿನ ಆವೇಶವನ್ನು ವರ್ಷಗಟ್ಟಲೆ ಸೋರಗೊಡದೆ ಹಿಡಿದಿಡುವ ಒಂದು ಬಗೆಯ ಗಾಜನ್ನು ಎಲ್ಲಿಯೋ ಒಂದು ಪ್ರಯೋಗಾಲಯದವರು ಕಂಡುಹಿಡಿದರು. ಉಪ್ಪಿನಕಾಯಿ ಭರಣಿ ಉಪ್ಪಿನಕಾಯಿಯನ್ನು ಹಿಡಿದ ಹಾಗೆ ಅದು ಆವೇಶವನ್ನು ಹಿಡಿಯುತ್ತಿತ್ತು. ಮಳೆಗಾಲದ ತೇವಕ್ಕೂ ಜಗ್ಗುತ್ತಿರಲಿಲ್ಲ. ಆ ಗಾಜಿನಿಂದ ತೆಂಗಿನಕಾಯಿ ಗಾತ್ರದ ಗುಂಡುಗಳನ್ನು ಮಾಡಿ, ಒಂದರಲ್ಲಿ ಧನ, ಇನ್ನೊಂದರಲ್ಲಿ ಋಣ ತುಂಬಿ, ಜೋಡಿಯಾಗಿ ಮನೆಮನೆಗೆ ಕೊಟ್ಟರು. ಕೆಂಪು ಬಣ್ಣದ್ದು ಧನ, ನೀಲಿಯದು ಋಣ. ಹೆಂಗಸರು ಶಾಲೆಯ ಗಣಿತ ನೆನಪಿಸಿಕೊಂಡು ಅವುಗಳಿಗೆ ಕೂಡು, ಕಳೆ ಎಂದರು. ಹೊರಗೆ, ಬಾಗಿಲ ಆ ಬದಿಗೆ ಒಂದು, ಈ ಬದಿಗೆ ಒಂದು, ಪಿಂಗಾಣಿ ಬಟ್ಟಲಿನ ಮೇಲೆ ಕೂರಿಸುವುದು. ಕಾಯಿಗೆ ಕಾಯಿ ತಿಕ್ಕಿ ಏಳುವ ಧೂಳಿಗೆ ಚೂರು ಆವೇಶ ಅಂಟಿಯೇ ಇರುತ್ತದೆ, ಕೆಲವು ಕಣಕ್ಕೆ ಕೂಡು, ಕೆಲವಕ್ಕೆ ಕಳೆ. ಕೂಡು ಕಣ ಕಳೆಗುಂಡಿಗೆ ಓಡುತ್ತದೆ, ಕಳೆ ಕಣ ಕೂಡುಗುಂಡಿಗೆ. ಗಾಳಿ ತಿಳಿಯಾಗುತ್ತದೆ.

ಒಂದೇ ಗುಂಡು ಯಾಕಿಲ್ಲ, ಜೋಡಿ ಯಾಕೆ ಎಂದರೆ, ಒಂಟಿ ಗುಂಡಿನ ಬಲ ಬಹುದೂರ ಚಾಚುತ್ತದೆ. ದೂರ ಎರಡರಷ್ಟಾದರೆ ಬಲ ಕಾಲುಭಾಗಕ್ಕೆ ಇಳಿಯುತ್ತದೆ, ಅಷ್ಟೆ. ಊರ ತುಂಬ ಒಂಟಿ ಗುಂಡಿಟ್ಟರೆ ಜನರ ತಲೆಗೂದಲು ಹಗಲಿಡೀ ನಿಂತೇ ಇರುತ್ತಿತ್ತು. ಜೋಡಿಯಾದರೆ ಕೂಡಿನದನ್ನು ಕಳೆ ಬಹುಮಟ್ಟಿಗೆ ಹೊಡೆದುಹಾಕುತ್ತದೆ. ದೂರ ಎರಡರಷ್ಟಾದಾಗ ಬಲ ಎಂಟರಲ್ಲೊಂದು ಪಾಲಿಗೆ ಕುಸಿಯುತ್ತದೆ. ಮನೆಯ ಗುಂಡು ಮನೆ ಮುಂದೆಯೇ ಕೆಲಸ ಮಾಡುತ್ತದೆ. ಜನ ಹೊಂದಿಕೊಂಡರು. ನೈಲಾನ್ ಸೀರೆ ಪೆಟ್ಟಿಗೆ ಸೇರಿತು. ಹಿಟ್ಟು ಸಾಣಿಸುವುದು ಹಿತ್ತಲಿಗೆ ಹೋಯಿತು. ಬೆಕ್ಕುಗಳು ಕಿಟಕಿಯಿಂದ ಓಡಾಡುವುದನ್ನು ಕಲಿತವು.

ಯಾವ ಗುಂಡು ಯಾವ ಕಡೆ ಎಂಬುದೇ ಮೊದಲಿಗೆ ತೊಡಕಾಗಿತ್ತು. ಕೈಪಿಡಿಯಲ್ಲಿ ದಿಕ್ಕಿನ ಬಾಣ ಬರೆದಿದ್ದರು. ಬಾಣ ಯಾರಿಗೂ ನೆನಪುಳಿಯಲಿಲ್ಲ. ಆಗ ತರಬೇತಿ ಕೊಡುತ್ತಿದ್ದ ಫಕೀರವ್ವ ಎರಡು ಸಾಲು ಕಟ್ಟಿದಳು:

ಹೊಸ್ತಿಲು ದಾಟಿ ಓಣಿ ನೋಡವ್ವಾ,
ಬಲಕ್ಕೊಂದು ಕೂಡು, ಎಡಕ್ಕೊಂದು ಕಳೆಯವ್ವಾ.

ಮದುಮಗಳು ಬಲಗಾಲಿಟ್ಟು ಒಳಗೆ ಬರುವ ಓಣಿಯಲ್ಲಿ ಬಲಕ್ಕೆ ಕೂಡು ಎಂಬುದನ್ನು ಎರಡನೆಯ ಸಲ ಹೇಳಬೇಕಾಗಲಿಲ್ಲ. ಬಾಣದ ಪುಟ ತೆಗೆದು, ಫಕೀರವ್ವನ ಹೆಸರು ಹಾಕಿ, ಹಾಡನ್ನೇ ಅಚ್ಚು ಹಾಕಿದರು.

*

ಮಧ್ಯಾಹ್ನದ ಪಾಳಿಯಲ್ಲಿ ಫಕೀರವ್ವ ನಿಯಂತ್ರಣ ಕೋಣೆಯಲ್ಲಿರುತ್ತಿದ್ದಳು. ಪೇಟೆಯ ಹಳೆಯ ತೂಕದ ಕಟ್ಟೆಯ ಮೇಲೆ ಎಬ್ಬಿಸಿದ ಒಂದು ಕೋಣೆ. ಗೋಡೆಯ ತುಂಬ ಊರಿನ ನಕ್ಷೆ. ಮನೆಗೆರಡು ದೀಪ. ಪ್ರತಿ ಪಿಂಗಾಣಿ ಬಟ್ಟಲಿನ ಅಡಿಯಲ್ಲಿ ಒಂದು ತೂಕದ ಮುಳ್ಳಿತ್ತು. ಗುಂಡು ದಿನಕ್ಕೆ ಎಷ್ಟು ಧೂಳು ಹಿಡಿಯಿತೆಂದು ಅದು ಇಲ್ಲಿಗೆ ಹೇಳುತ್ತಿತ್ತು. ಹಿಡಿದರೆ ಹಸಿರು, ಹಿಡಿಯದಿದ್ದರೆ ಕೆಂಪು. ಒಂದೂವರೆ ವರ್ಷದಿಂದ ಗೋಡೆ ಬತ್ತದ ಗದ್ದೆಯ ಹಾಗೆ ಹಸಿರಾಗಿತ್ತು.

ಫೆಬ್ರವರಿಯ ಒಂದು ದಿನ ಗುಂಡಿನ ಯೋಜನೆಯ ಇಂಜಿನಿಯರ್ ಅಫ್ರೋಜಾ ಕಿತ್ತೂರ ಅವರು ಬಂದರು. ಕೈಯಲ್ಲಿ ಆಸ್ಪತ್ರೆಯ ರಿಜಿಸ್ಟರಿನ ನಕಲು ಇತ್ತು.

"ಫಕೀರವ್ವಾರ, ಇಲ್ನೋಡ್ರಿ. ತೊಟ್ಟಿಲ ಕೂಸುಗಳ ಕೆಮ್ಮು ಹೋಗೇತಿ. ಮನ್ಯಾಗ ಕುಂತು ಕೆಲಸ ಮಾಡೋರು ಆರಾಮ ಅದಾರ. ಆದರ ಓಣ್ಯಾಗ ತುಂಬು ಬಿಡಿಸೋರು..."

"ಏನಾಗೇತ್ರಿ ಅವರಿಗೆ?"

"ಮೊದಲಿಗಿಂತ ಹೆಚ್ಚಾಗೇತಿ."

"ಅದ್ಹೆಂಗ್ರೀ ಮೇಡಂ? ದೀಪ ಎಲ್ಲಾ ಹಸರ ಅದಾವಲ್ಲ."

"ದೀಪ ಗುಂಡಿಂದು. ಗುಂಡಿನ ಹತ್ರ ಬಂದ ಧೂಳಿನ ಲೆಕ್ಕ ಅದು ಹೇಳತೈತಿ. ಬರಲಾರದ್ದರ ಲೆಕ್ಕ ಯಾರು ಹೇಳಬೇಕು?" ಅಫ್ರೋಜಾ ನಕ್ಷೆಯಲ್ಲಿ ಎರಡು ಸಾಲು ಮನೆಗಳ ನಡುವಿನ ಬಿಳಿ ಪಟ್ಟಿಯ ಮೇಲೆ ಬೆರಳಾಡಿಸಿದರು. "ಓಣಿ ನಡುವ ನಾವು ಒಂದೂ ಮುಳ್ಳು ಇಟ್ಟಿಲ್ಲ. ಕೇಳೀನಿ. ಬರಾಕ ವರ್ಷ ಆಗತೈತಿ ಅಂದಾರ."

"ಅವರು ಈಗ ಮೂಗಿಗೆ ಅರಿವಿ ಕಟ್ಟಂಗಿಲ್ರಿ."

"ಯಾಕ?"

ಫಕೀರವ್ವ ಹಸಿರು ದೀಪಗಳ ಕಡೆ ತಿರುಗಿದಳು. ಯಾಕೆಂದು ಅವಳಿಗೆ ಗೊತ್ತಿತ್ತು. ಹೇಳಿದವಳು ಅವಳೇ.

*

ಮರುದಿನ ಮುಂಜಾನೆ ಅವಳು ತರಬೇತಿಯ ಪೆಟ್ಟಿಗೆ ಇಳಿಸಿದಳು. ಗಾಜಿನ ತಟ್ಟೆ, ಗುಲಗಂಜಿಯಷ್ಟು ಪುಟ್ಟ ಗುಂಡು ಕೂರಿಸಿದ ಸೂಜಿಗಳು, ಒಂದು ಶೀಸೆ ಔಡಲೆಣ್ಣೆ. ಚಿರೋಟಿ ರವೆಯನ್ನು ಮಾತ್ರ ಮನೆಯ ಡಬ್ಬಿಯಿಂದ ತೆಗೆಯಬೇಕಾಯಿತು.

"ಉಪ್ಪಿಟ್ಟಿಗೆ ಎಣ್ಣಿ ಸ್ವಲ್ಪ ಹೆಚ್ಚಾತೇನೋ," ಎಂದ ಗಂಡ ಮೈಲಾರಪ್ಪ, ಹೊಲಿಗೆಯಿಂದ ಕಣ್ಣೆತ್ತದೆ.

"ಸುಮ್ಮನ ಕುಂದರ್ರಿ."

ತಟ್ಟೆಗೆ ಎಣ್ಣೆ ಸುರಿದು, ಮೇಲೆ ರವೆ ಉದುರಿಸಿ, ಒಂದು ಕೂಡು, ಒಂದು ಕಳೆ ಸೂಜಿಯನ್ನು ನಿಲ್ಲಿಸಿದಳು. ತರಬೇತಿಯಲ್ಲಿ ನೂರಾರು ಸಲ ತೋರಿಸಿದ ಆಟ. ರವೆಯ ಕಾಳುಗಳು ಮೆಲ್ಲನೆ ತಿರುಗಿ ಒಂದರ ಬಾಲಕ್ಕೆ ಒಂದು ತಲೆಯಿಟ್ಟು ಸಾಲುಗಟ್ಟಿದವು. ನಡುವಿನ ಸಾಲು ನೆಟ್ಟಗೆ ಕೂಡಿನಿಂದ ಕಳೆಗೆ. ಅದರ ಆಚೀಚೆಯವು ಬಿಲ್ಲಿನ ಹಾಗೆ ಬಾಗಿ. ಇನ್ನೂ ಆಚೆಯವು ಬುಟ್ಟಿ ಹೆಣೆಯಲು ಬಗ್ಗಿಸಿದ ಬೆತ್ತದ ಹಾಗೆ ದೊಡ್ಡ ಸುತ್ತು ಹಾಕಿ. ಕೂಡು ಕಣ ಯಾವ ದಾರಿ ಹಿಡಿದು ಹೋಗುತ್ತದೆಂದು ಕಾಳುಗಳೇ ಗೆರೆ ಎಳೆದು ತೋರಿಸುತ್ತಿದ್ದವು.

ತರಬೇತಿ ಇಲ್ಲಿಗೆ ಮುಗಿಯುತ್ತಿತ್ತು. ಎರಡನೆಯ ಜೋಡಿಯನ್ನು ಯಾರೂ ಎಂದೂ ತಟ್ಟೆಗೆ ಇಳಿಸಿರಲಿಲ್ಲ.

ಇದು ನನ್ನ ಬಾಗಿಲು ಎಂದುಕೊಂಡಳು. ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿ, ಇದು ಹಾಲತ್ತಿಯ ಬಾಗಿಲು ಎಂದುಕೊಂಡಳು. ಹಾಡನ್ನು ಮನಸ್ಸಿನಲ್ಲೇ ಹೇಳಿಕೊಂಡು ಬಲಕ್ಕೆ ಕೂಡು ನಿಲ್ಲಿಸಿದಳು, ಎಡಕ್ಕೆ ಕಳೆ ನಿಲ್ಲಿಸಿದಳು. ತಟ್ಟೆಯನ್ನು ಮೊದಲಿನ ಹಾಗೆ ತಿರುಗಿಸಿದಾಗ, ಅವಳ ಕೂಡಿನ ಎದುರಿಗೆ ಹಾಲವ್ವನ ಕಳೆ ನಿಂತಿತ್ತು. ಅವಳ ಕಳೆಯ ಎದುರಿಗೆ ಹಾಲವ್ವನ ಕೂಡು.

ಕಾಳುಗಳು ಹಳೆಯ ಸಾಲು ಬಿಟ್ಟು ಹೊಸ ಸಾಲು ಕಟ್ಟತೊಡಗಿದವು. ನಾಲ್ಕು ಸೂಜಿಗಳ ಸುತ್ತ ಅಂದವಾದ ಬಾಗು. ನಟ್ಟನಡುವೆ ಮಾತ್ರ, ಹೆಬ್ಬೆರಳು ಊರುವಷ್ಟು ಜಾಗದಲ್ಲಿ, ಕಾಳುಗಳು ಬಿದ್ದ ಹಾಗೇ ಬಿದ್ದಿದ್ದವು. ಒಂದು ಅಡ್ಡ, ಒಂದು ಉದ್ದ. ಕಡ್ಡಿಯಿಂದ ಕಲಕಿದಳು. ಮತ್ತೆ ಅಷ್ಟೇ. ಇನ್ನೊಂದು ಚಿಟಿಕೆ ರವೆ ಹಾಕಿದಳು. ಮತ್ತೆ ಅಷ್ಟೇ.

ಅವಳಿಗೆ ಮರದ ಕೊಂಬೆಯಲ್ಲಿ ನೆಟ್ಟಗೆ ಇಳಿಬಿದ್ದ ಶಾವಿಗೆ ನೆನಪಾಯಿತು.

ಅವಳ ಮನೆಯ ಜೋಡಿ ಕೂಡು ಕಣವನ್ನು ಮೂಡಲಿಗೆ ಎಷ್ಟು ತಳ್ಳುತ್ತದೋ ಹಾಲವ್ವನ ಮನೆಯ ಜೋಡಿ ಅಷ್ಟೇ ಬಲದಿಂದ ಪಡುವಲಿಗೆ ತಳ್ಳುತ್ತದೆ. ನಡುವಿನ ಧೂಳು ಎರಡೂ ಮನೆಗಳ ಮಾತು ಕೇಳಿ ಎಲ್ಲಿಗೂ ಹೋಗದೆ ನಿಲ್ಲುತ್ತದೆ. ಬಲಕ್ಕೆ ಬಲ ಕೂಡುವುದಕ್ಕೆ ಮೊದಲು ಯಾವ ದಿಕ್ಕಿನ ಬಲ ಎಂದು ಕೇಳಬೇಕಿತ್ತು. ಎದುರುಬದುರು ನಿಂತ ಇಬ್ಬರ ಬಲಗೈಗಳು ಒಂದೇ ಕಡೆ ಇರುವುದಿಲ್ಲ. ಹಾಡು ಕಟ್ಟಿದ್ದು ಪೇಟೆಯ ಗೋಡೆ ಪಕ್ಕದ ಓಣಿಯಲ್ಲಿ. ಅಲ್ಲಿ ಮನೆಗಳು ಒಂದೇ ಸಾಲು. ಎಲ್ಲರ ಬಲವೂ ಒಂದೇ ಕಡೆ. ಅಲ್ಲಿ ಹಾಡು ಸರಿಯಾಗಿತ್ತು, ಅಫ್ರೋಜಾ ಅದನ್ನು ಒಪ್ಪಿದ್ದೂ ಸರಿಯಾಗಿತ್ತು. ಎರಡು ಸಾಲಿನ ಓಣಿಗೆ ಅದು ಬಂದಾಗ ಯಾರೂ ತಟ್ಟೆ ತೆಗೆಯಲಿಲ್ಲ.

ಅವಳು ತನ್ನ ಬಾಗಿಲಿನ ಎರಡು ಸೂಜಿಗಳನ್ನು ಅದಲುಬದಲು ಮಾಡಿದಳು. ನಡುವಿನ ಕಾಳುಗಳು ಎಚ್ಚರವಾದವರ ಹಾಗೆ ತಿರುಗಿ ಸಾಲುಗಟ್ಟಿದವು. ಗಲಿಬಿಲಿಯ ಜಾಗ ಇಲ್ಲವಾಗಲಿಲ್ಲ. ಅದು ಪಕ್ಕಕ್ಕೆ ಸರಿಯಿತು, ಒಂದು ಮನೆಗೂ ಇನ್ನೊಂದಕ್ಕೂ ನಡುವಿನ, ಕಸದ ಗಾಡಿ ನಿಲ್ಲುವ ಸಂದಿಯ ನೇರಕ್ಕೆ. ಇಷ್ಟು ಗುಂಡುಗಳಿದ್ದ ಮೇಲೆ ಎಲ್ಲೋ ಒಂದು ಕಡೆ ಸೊನ್ನೆ ಇರಲೇಬೇಕು. ಅಲ್ಲಿ ಮನುಷ್ಯರು ಕೂರಬಾರದು, ಅಷ್ಟೆ.

"ರವಾ ಕೆಟ್ಟು ಹೋತೇನು?" ಎಂದ ಮೈಲಾರಪ್ಪ. ಹೆಂಡತಿ ಅಷ್ಟು ಹೊತ್ತು ಮಾತಾಡದೆ ಇದ್ದದ್ದು ಅವನಿಗೆ ಹೊಸದು.

"ಹೂಂ," ಎಂದಳು.

*

ಅವತ್ತೇ ಅವಳು ಕಾಗದ ಬರೆದಳು. ಕೈಪಿಡಿಯ ಒಂದಕ್ಷರ ಬದಲಿಸಬೇಕಾದರೂ ಬರೆದವರ ಸಹಿಯ ಕಾಗದ ಕೇಂದ್ರ ಕಚೇರಿಗೆ ಟಪಾಲಿನಲ್ಲಿ ಹೋಗಬೇಕೆಂಬುದು ನಿಯಮ. ಒಂದು ಪುಟ. ಮೇಲೆ ಫೆಬ್ರವರಿ ಹನ್ನೊಂದು ಎಂದು ತಾರೀಖು. ಮಡಚಿ, ಲಕೋಟೆಯಲ್ಲಿಟ್ಟು, ಶಾವಿಗೆ ಡಬ್ಬಿಯ ಮುಚ್ಚಳದೊಳಗೆ ಸಿಕ್ಕಿಸಿದಳು. ನಾಳೆ ಹಾಕೋಣ ಎಂದುಕೊಂಡಳು. ಅದಕ್ಕೆ ಮೊದಲು ಕೈಲಾದದ್ದನ್ನು ಮಾಡೋಣವೆಂದು, ಒರೆಸುವ ನೆವದಲ್ಲಿ, ತನ್ನ ಬಾಗಿಲಿನ ಗುಂಡುಗಳನ್ನು ಕೋಲಿನಿಂದ ಎತ್ತಿ ಬಲದ್ದನ್ನು ಎಡಕ್ಕೆ, ಎಡದ್ದನ್ನು ಬಲಕ್ಕೆ ಕೂರಿಸಿ ಪಾಳಿಗೆ ಹೋದಳು.

ಸಂಜೆ ಬಂದಾಗ ಗುಂಡುಗಳು ಮೊದಲಿನ ಹಾಗೆಯೇ ಇದ್ದವು. ಹಾಲವ್ವ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದಳು, ಮುಖದ ತುಂಬ ನಗೆ.

"ಹಾಡು ಕಟ್ಟಿದಾಕಿ ಬಾಗಲದಾಗನ ತಪ್ಪು! ನಾ ಹೊಸ್ತಿಲು ದಾಟಿ ನಿಂತು, ಹಾಡು ಹೇಳಿಕೋತ ಸರಿ ಮಾಡಿ ಇಟ್ಟೀನಿ. ಇಲ್ಲಂದರ ಇವತ್ತ ಊರ ಮಂದಿ ನಿನ್ನ ನಗತಿತ್ತು."

ಇದೇ ಗಳಿಗೆ. ಅತ್ತಿ, ತಪ್ಪಿದ್ದದ್ದು ಹಾಡು ಎಂದು ಅಂದುಬಿಟ್ಟರೆ ಮುಗಿಯುತ್ತಿತ್ತು. ಸುತ್ತ ನಾಲ್ಕು ಹೆಂಗಸರು ನಿಂತಿದ್ದರು. ಫಕೀರವ್ವ, "ವಯಸ್ಸಾತು ನೋಡತ್ತಿ ನನಗ," ಎಂದು ನಕ್ಕಳು. ಎಲ್ಲರೂ ನಕ್ಕರು.

ನಾಳೆ ನಾಡಿದ್ದಾಯಿತು. ಮಾರ್ಚಿನಲ್ಲಿ ಜಿಲ್ಲೆಯವರು ಕರೆದು ಶಾಲು ಹೊದಿಸಿದರು. ಹಾಡು ನಲವತ್ತೆರಡು ಊರುಗಳ ಗೋಡೆಗೆ ಏರಿತೆಂದು ಮೈಕಿನಲ್ಲಿ ಹೇಳಿದರು. ಆ ಊರುಗಳಲ್ಲಿ ಎಷ್ಟು ಓಣಿಗಳಿಗೆ ಎರಡು ಸಾಲು ಎಂದು ಅವಳು ವೇದಿಕೆಯ ಮೇಲೆ ಕೂತೇ ಲೆಕ್ಕ ಹಾಕಿದಳು. ಲೆಕ್ಕ ಮುಗಿಯುವುದರೊಳಗೆ ಫೋಟೋ ತೆಗೆದರು. ಇನ್ನು ಈಗ ಕಾಗದ ಹಾಕಿದರೆ ಶಾಲು ಹೊದಿಸಿದವರ ಮುಖ ಏನಾಗಬೇಕು ಎಂಬ ಒಂದು ಹೊಸ ಕಾರಣ ಸಿಕ್ಕಿತು. ನಿಯಂತ್ರಣ ಕೋಣೆಯ ಕುರ್ಚಿ ಹೋಗುತ್ತದೆಂಬ ಹಳೆಯ ಕಾರಣ ಇದ್ದೇ ಇತ್ತು. ಮೂಗಿಗೆ ಅರಿವೆ ಕಟ್ಟಿಕೊಳ್ಳಿ ಎಂದು ಮರದಡಿಯವರಿಗೆ ದಿನಾ ಹೇಳುತ್ತಿದ್ದಳು. ಏಕೆಂದು ಹೇಳುತ್ತಿರಲಿಲ್ಲ, ಹಾಗಾಗಿ ಅವರು ಕಟ್ಟಿಕೊಳ್ಳುತ್ತಿರಲಿಲ್ಲ.

ಕಾಯಿಯ ಸುಗ್ಗಿ ಮುಗಿದರೂ ಶೀತಲಗೃಹದ ಚೀಲಗಳು ಬರುತ್ತಲೇ ಇದ್ದವು. ಜೂನಿನಲ್ಲಿ ಹಾಲವ್ವನ ಕೆಮ್ಮು ಮಾತಿನ ನಡುವೆ ಬರತೊಡಗಿತು. ಜುಲೈಯಲ್ಲಿ ಕೆಮ್ಮಿನ ನಡುವೆ ಮಾತು ಬರತೊಡಗಿತು. ಆಗಸ್ಟಿನಲ್ಲಿ ಆಸ್ಪತ್ರೆಯಲ್ಲಿ ಹದಿನೆಂಟು ದಿನ ಇದ್ದು ಬಂದಳು. ಪುಪ್ಪುಸದ ಅರ್ಧ ಕೆಲಸ ನಿಂತಿದೆ, ಅದು ತಿರುಗಿ ಬರುವಂಥದ್ದಲ್ಲ ಎಂದು ಡಾಕ್ಟರು ಹೇಳಿದ್ದರು.

*

ಸೆಪ್ಟೆಂಬರ್ ಹದಿನಾಲ್ಕರ ಮಧ್ಯಾಹ್ನ ಹಾಲವ್ವ ಓಣಿ ದಾಟಿ ಬಂದಳು. ಆ ಬಾಗಿಲಿನಿಂದ ಈ ಬಾಗಿಲಿಗೆ ಇಪ್ಪತ್ತು ಹೆಜ್ಜೆ. ನಡುವೆ ಮರಕ್ಕೆ ಕೈಯೂರಿ ಒಮ್ಮೆ ನಿಂತಳು. ಬಂದವಳು ಸೆರಗಿನೊಳಗಿನಿಂದ ಒಂದು ಪೊಟ್ಟಣ ತೆಗೆದಿಟ್ಟಳು.

"ಶಾವಿಗಿ. ನಿನಗ ಶಾಲು ಹೊಚ್ಚಿದಾಗ ಕೊಡಬೇಕಂತ ಇಟ್ಟಿದ್ದೆ. ಆಮ್ಯಾಲ ಆರಾಮ ತಪ್ಪಿತು."

"ಯಾಕ ನಡಕೊಂಡು ಬಂದಿ ಅತ್ತಿ? ಕರದಿದ್ದರ ನಾನ ಬರತಿದ್ದೆ."

"ಕೂಗಾಕ ಉಸುರ ಸಾಲಂಗಿಲ್ಲವಾ." ಹಾಲವ್ವ ಕಂಬಕ್ಕೆ ಒರಗಿ ಸುಧಾರಿಸಿಕೊಂಡಳು. "ಡಾಕ್ಟರು ಏನಂದರು ಗೊತ್ತೈತೇನ? ಇಷ್ಟು ವರ್ಷ ಈ ಕೆಲಸ ಮಾಡಿದಾಕಿ ಬದುಕಿದ್ದ ಹೆಚ್ಚು ಅಂದರು. ನಾ ಅಂದೆ, ನಮ್ಮ ಫಕೀರಿ ಗುಂಡು ಇಲ್ಲದಿದ್ದರ ಹೋದ ವರ್ಷನ ಹೋಗಿರತಿದ್ದೆ ನಾ, ಅಂದೆ."

ಫಕೀರವ್ವ ಪೊಟ್ಟಣವನ್ನು ಕೈಗೆತ್ತಿಕೊಂಡಳು, ಮತ್ತೆ ಕೆಳಗಿಟ್ಟಳು.

"ಹಿರೇಹಳ್ಳದಾಗ ನನ್ನ ತಂಗಿ ಮನಿಗೂ ಬರೂ ಸೋಮವಾರ ಗುಂಡು ಬರತಾವಂತ," ಎಂದಳು ಹಾಲವ್ವ. "ಅಕಿನೂ ತುಂಬು ಬಿಡಸತಾಳ. ನಾ ಹೇಳಿ ಕಳಿಸೀನಿ. ನಡುವ ಕುಂದರ ತಂಗಿ, ಎರಡು ಮನಿ ಗುಂಡು ಕೂಡಿ ಕಾಯತಾವ ಅಂತ."

ಫಕೀರವ್ವ ಎದ್ದು ಒಳಗೆ ಹೋದಳು. ಬಂದಾಗ ಕೈಯಲ್ಲಿ ತಟ್ಟೆ ಇತ್ತು, ಶೀಸೆ ಇತ್ತು, ರವೆಯ ಡಬ್ಬಿ ಇತ್ತು. ಹಾಲವ್ವನ ಮುಂದೆ ಕೂತು ನಾಲ್ಕು ಸೂಜಿಗಳನ್ನು ಹಾಡಿನ ಪ್ರಕಾರ ನಿಲ್ಲಿಸಿದಳು. ಕಾಳುಗಳು ತಿರುಗಿ ನಿಂತವು. ಹೊಲಿಗೆ ಯಂತ್ರದ ಸದ್ದೂ ನಿಂತಿತ್ತು.

"ಇದು ನನ್ನ ಬಾಗಲ. ಇದು ನಿಂದು. ಕಾಳು ಸಾಲು ಹಿಡಿದಲ್ಲಿ ಧೂಳು ಗುಂಡಿಗೆ ಹೋಗತೈತಿ."

ಹಾಲವ್ವ ಬಗ್ಗಿ ನೋಡಿದಳು. ನಲವತ್ತು ವರ್ಷ ಕಾಯಿ ನೋಡಿದ ಕಣ್ಣು, ಸಾಲು ತಪ್ಪಿದ್ದನ್ನು ಹುಡುಕಲು ಹೊತ್ತು ಹಿಡಿಯಲಿಲ್ಲ. ತಟ್ಟೆಯ ನಡುವಿನ ಮೇಲೆ ಬೆರಳು ತಂದು ನಿಲ್ಲಿಸಿದಳು.

"ಇಲ್ಲಿ ಯಾಕ ಹಿಂಗ ಬಿದ್ದಾವ?"

"ಅಲ್ಲಿ ಎರಡು ಮನಿ ಬಲ ಒಂದಕ್ಕೊಂದು ಹೊಡದು ಸೊನ್ನಿ ಆಗತೈತಿ. ಧೂಳು ಎಲ್ಲಿಗೂ ಹೋಗಂಗಿಲ್ಲ."

"ಅಂದರ ನಾ ಕುಂತದ್ದು ಇಲ್ಲೇನು?"

"ಹೂಂ."

"ನೀ ಕುಂದರು ಅಂದದ್ದು ಇಲ್ಲಿ."

"ಹೂಂ ಅತ್ತಿ."

"ಎಂದು ಗೊತ್ತಾತು ನಿನಗ?"

"ಏಳು ತಿಂಗಳಾತು."

ಹಾಲವ್ವ ಬೆರಳನ್ನು ಹಿಂದಕ್ಕೆ ತೆಗೆಯಲಿಲ್ಲ. ಅವಳ ಉಸಿರು ಒಳಗೆ ಹೋಗುವಾಗ ಒಂದು ಸದ್ದು, ಹೊರಗೆ ಬರುವಾಗ ಇನ್ನೊಂದು ಸದ್ದು. ಅವೆರಡೇ ಕೇಳುತ್ತಿದ್ದವು.

"ಅವತ್ತ ನೀ ಗುಂಡು ತಿರುವಿ ಇಟ್ಟದ್ದು..."

"ಅದಕ್ಕನ."

"ನಾನ ಹೋಗಿ ಮತ್ತ ತಿರುವಿ ಇಟ್ಟೆ. ನನ್ನ ಕೈಯಾರೆ." ಹಾಲವ್ವ ಒಂದು ಗಳಿಗೆ ನಗುವ ಹಾಗೆ ಕಂಡಳು, ಅದು ಕೆಮ್ಮಾಯಿತು. ಕೆಮ್ಮು ಮುಗಿದ ಮೇಲೆ, "ನಾ ನಿನಗೇನೂ ಅನ್ನಂಗಿಲ್ಲ. ಅನ್ನಾಕೂ ಉಸುರ ಬೇಕಾಗತೈತಿ," ಎಂದಳು.

ಫಕೀರವ್ವ ಒಳಗೆ ಹೋಗಿ ಶಾವಿಗೆ ಡಬ್ಬಿಯ ಮುಚ್ಚಳದಿಂದ ಲಕೋಟೆ ತೆಗೆದು ತಂದಳು. "ಕಾಗದ ಬರದೀನಿ. ಹಾಕಿಲ್ಲ."

"ಓದು."

ಅವಳು ಓದಿದಳು. ಹಾಡು ಒಂದು ಸಾಲಿನ ಓಣಿಗೆ ಮಾತ್ರ ಸರಿ ಎಂದಿತ್ತು. ಎರಡು ಸಾಲಿದ್ದಲ್ಲಿ ಎಲ್ಲ ಮನೆಗಳ ಕೂಡುಗುಂಡೂ ಒಂದೇ ದಿಕ್ಕಿಗೆ ಇರಬೇಕು, ಬಲ ಎಡ ಎನ್ನಬಾರದು, ದಿಕ್ಕು ಹೇಳಬೇಕು ಎಂದಿತ್ತು. ನಡುವೆ ಕೂರುವ ಕೆಲವು ಕೆಲಸಗಾರರಿಗೆ ತೊಂದರೆಯಾಗಿರಬಹುದು ಎಂದಿತ್ತು. ತಪ್ಪು ನನ್ನದು ಎಂದು ಕೊನೆಯ ಸಾಲು.

"ಕೆಲವು ಕೆಲಸಗಾರರು ಅಂದರ ಯಾರು?"

ಫಕೀರವ್ವ ಆ ಸಾಲಿನ ಮೇಲೆ ಬೆರಳಿಟ್ಟಳು.

"ನನಗ ಹೆಸರಿಲ್ಲೇನು? ಹಾಡಿಗೆ ನಿನ್ನ ಹೆಸರು ಹಾಕ್ಯಾರಲ್ಲ. ಕೆಮ್ಮಿಗೆ ನನ್ನ ಹೆಸರು ಹಾಕು. ಆಗಿರಬಹುದು ಅಂತಲ್ಲ, ಆಗೇತಿ ಅಂತ ಬರಿ."

ಫಕೀರವ್ವ ಮೈಲಾರಪ್ಪನ ಮೇಜಿನಿಂದ ಪೆನ್ನು ತಂದಳು. 'ಆಗಿರಬಹುದು' ಎಂಬುದನ್ನು ಹೊಡೆದುಹಾಕಿದಳು. ಮೇಲೆ, ಹಾಲವ್ವ, ವಯಸ್ಸು ಅರವತ್ಮೂರು, ನನ್ನ ಎದುರು ಮನೆ, ನಾನು ಹೇಳಿದ ಜಾಗದಲ್ಲಿ ಕೂತವರು, ಎಂದು ಬರೆದಳು. ಮರದಡಿಯ ಉಳಿದ ಐವರ ಹೆಸರನ್ನು ಹಾಲವ್ವ ಹೇಳಿದಳು, ನಿಂತು ನಿಂತು, ಒಂದೊಂದಾಗಿ. ಅವನ್ನೂ ಬರೆದಳು.

ಕೊನೆಗೆ ಪೆನ್ನು ತಾರೀಖಿನ ಮೇಲೆ ಬಂದು ನಿಂತಿತು. ಮೈಲಾರಪ್ಪ ಹಿಂದಿನಿಂದ, "ಬ್ಯಾರೆ ಹಾಳಿ ಕೊಡ್ಲ್ಯಾ? ಇವತ್ತಿನ ತಾರೀಕು ಹಾಕಿ ಹೊಸದಾಗಿ ಬರದುಬಿಡು. ಏಳು ತಿಂಗಳ ಮಾತು ಅವರಿಗ್ಯಾಕ?" ಎಂದ.

ಹಾಲವ್ವ ತಟ್ಟೆಯನ್ನು ನೋಡುತ್ತ ಕೂತಿದ್ದಳು.

ಫಕೀರವ್ವ ಫೆಬ್ರವರಿ ಹನ್ನೊಂದನ್ನು ಹಾಗೇ ಬಿಟ್ಟಳು. ಅದರ ಕೆಳಗೆ 'ಬರೆದದ್ದು' ಎಂದು ಬರೆದಳು. ಅದರ ಕೆಳಗೆ ಸೆಪ್ಟೆಂಬರ್ ಹದಿನಾಲ್ಕು, 'ಕಳಿಸಿದ್ದು'.

ಹೊರಡುವ ಮೊದಲು ಅವಳು ಕೋಲು ತೆಗೆದುಕೊಂಡು ತನ್ನ ಬಾಗಿಲಿನ ಗುಂಡುಗಳನ್ನು ಅದಲುಬದಲು ಮಾಡಿದಳು. ಮರದಡಿಯ ಹೆಂಗಸರಲ್ಲಿ ಒಬ್ಬಳು ತಲೆಯೆತ್ತಿ, "ಮತ್ತ ತಪ್ಪಿತು ನೋಡ್ರೇ ಹಾಡಿನಾಕಿಗೆ!" ಎಂದು ಕೂಗಿದಳು. ಉಳಿದವರು ನಗುನಗುತ್ತ ರಾಗ ತೆಗೆದರು, ಹೊಸ್ತಿಲು ದಾಟಿ ಓಣಿ ನೋಡವ್ವಾ...

ಹಾಲವ್ವ ಕಂಬ ಹಿಡಿದು ಎದ್ದು ನಿಂತಳು.

"ತಪ್ಪು ಹಾಡಿನ್ಯಾಗ ಐತಿ," ಎಂದಳು. ದೊಡ್ಡ ದನಿಯಲ್ಲ, ಆದರೂ ಹಾಡು ನಿಂತಿತು. "ಎಲ್ಲಾರೂ ಇತ್ತಾಗ ಬರ್ರಿ. ಬಂದು ಈ ತಟ್ಟಿ ನೋಡ್ರಿ. ಮೂಗಿಗೆ ಅರಿವಿ ಕಟ್ಟಿಕೊಂಡು ಬರ್ರಿ."

ಅವರು ಕಾಯಿ ಬಿಟ್ಟು ಒಬ್ಬೊಬ್ಬರಾಗಿ ಎದ್ದರು. ಫಕೀರವ್ವ ಅವರನ್ನು ದಾಟಿಕೊಂಡು ಓಣಿಯ ನಡುವೆಯೇ ನಡೆದಳು. ಮೈಮೇಲಿನ ಅರಿವೆಯ ನೂಲು ಮರದ ಹತ್ತಿರ ಸಣ್ಣಗೆ ನವಿರೇಳುತ್ತಿತ್ತು. ಗುಂಡಿನ ಸೆಳೆತ ಈಗ ಅಲ್ಲಿಗೂ ಮುಟ್ಟಿತ್ತು.

ಪೇಟೆಯ ಬಾಗಿಲಲ್ಲಿ ಟಪಾಲಿನವನು ಡಬ್ಬಿಯ ಬೀಗ ತೆಗೆದು, ಚೀಲ ತುಂಬಿ, ಬಾಯಿ ಕಟ್ಟುತ್ತಿದ್ದ. ಅವಳು ಲಕೋಟೆ ಚಾಚಿದಳು. ಅವನು ತಿರುವಿ ನೋಡಿ, ಬೆರಳನ್ನು ಮೂಗಿಗೆ ಹಿಡಿದ.

"ಏನ್ರಿ ಇದು, ಶಾವಿಗಿ ವಾಸನಿ ಬರತೈತಿ. ಭಾಳ ದಿನ ಇಟ್ಟಿದ್ರೇನು?"

"ಹೌದ್ರಿ. ಇನ್ನು ಇಡೂದು ಬ್ಯಾಡ. ಸೋಮವಾರದ ಒಳಗ ಮುಟ್ಟಬೇಕು."

"ಈಗಿಂದೀಗ ಹೊಂಟ ಗಾಡ್ಯಾಗ ಹೋದರ ನಾಳಿಗೆ ಮುಟ್ಟತೈತಿ," ಎಂದು ಅವನು ಕಟ್ಟಿದ ಗಂಟು ಬಿಚ್ಚಿ, ಲಕೋಟೆಯನ್ನು ಚೀಲದೊಳಗೆ ಹಾಕಿ, ಮತ್ತೆ ಕಟ್ಟಿದ.